ಕುಮಾರ ಪರ್ವತಕ್ಕೆ ದಪ್ಪ ಮೆತ್ತೆಯ ಶೂ: ಇಳಿಯುವಾಗ ಗೊತ್ತಾಗಿದ್ದು

ಅಂಗಡಿಯ ಟೈಲ್ಸ್ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ದಪ್ಪ ಮೆತ್ತೆಯ ಓಟದ ಶೂಗಳೆಲ್ಲ ಸ್ವರ್ಗವೇ. ನಾನೂ ಹಾಗೇ ಮರುಳಾಗಿ ಒಂದು ಜೊತೆ ತಂದೆ. ಹಿಮ್ಮಡಿ ಕೆಳಗೆ 36 ಮಿ.ಮೀ. ಫೋಮ್, ಮುಂಗಾಲಿನ ಕೆಳಗೆ 31. ಎರಡು ತಿಂಗಳು ಬೆಂಗಳೂರಿನ ತುರಹಳ್ಳಿ ಕಾಡಿನ ಮಣ್ಣುದಾರಿಯಲ್ಲಿ ಓಡಿ, 'ಇದು ಬೆಟ್ಟಕ್ಕೂ ಸಾಕು' ಅಂತ ತೀರ್ಮಾನಿಸಿದ್ದೆ. ಕುಮಾರ ಪರ್ವತಕ್ಕೆ ಹೋಗಿ ಬಂದ ಮೇಲೆ, ತುರಹಳ್ಳಿಯದ್ದು ಪರೀಕ್ಷೆಯೇ ಅಲ್ಲ ಅನ್ನಿಸಿತು.

ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಶಿಖರ 1,712 ಮೀಟರ್. ಹೋಗಿ ಬರುವಷ್ಟರಲ್ಲಿ ನನ್ನ ವಾಚು 26 ಕಿ.ಮೀ. ತೋರಿಸಿತು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಕಡಿಮೆ. ಆದರೆ ಶೂ ಪರೀಕ್ಷೆ ಮಾಡಬೇಕಾದರೆ ಕುಕ್ಕೆಯ ದಾರಿಯೇ ಸರಿ. ಬೇರು, ಒದ್ದೆ ಎಲೆ, ಜಲ್ಲಿಕಲ್ಲು, ಹುಲ್ಲುಗಾವಲು, ಹಾಸುಬಂಡೆ ಎಲ್ಲವೂ ಒಂದೇ ದಿನ ಕಾಲಿಗೆ ಸಿಗುತ್ತವೆ.

ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಗುರುತಿನ ಚೀಟಿ ಮರೆಯಬೇಡಿ. ಮಳೆಗಾಲದಲ್ಲಿ ಮತ್ತು ಬೆಂಕಿಯ ಭಯ ಇರುವ ಬೇಸಿಗೆಯಲ್ಲಿ ದಾರಿ ಮುಚ್ಚಿರುತ್ತಾರೆ. ರೈಲಿನಲ್ಲಿ ಬರುವವರು ಇಳಿಯುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಅಲ್ಲಿಂದ ಇನ್ನೂ ಹನ್ನೆರಡು ಕಿ.ಮೀ. ಆಗುತ್ತದೆ. ಚಂಪಾ ಷಷ್ಠಿಯ ಹೊತ್ತಿಗೆ ಹೋದರೆ ರೂಮಿನ ಆಸೆ ಬಿಡಿ. ನಾವು ಹೋಗಿದ್ದು ನವೆಂಬರಿನಲ್ಲಿ, ಜಾತ್ರೆಗೆ ಮುಂಚೆ.

ನಾವು ಅಂದರೆ ನಾನು ಮತ್ತು ಒಬ್ಬ ಗೆಳೆಯ. ಅವನ ಕಾಲಲ್ಲಿ ನಾಲ್ಕು ವರ್ಷದ ಹಳೇ ತೆಳ್ಳನೆ ಶೂ. ನನ್ನದು ನೋಡಿ ಬಸ್ಸಿನಲ್ಲೇ ನಕ್ಕಿದ್ದ.

ಮೊದಲ ಐದಾರು ಕಿ.ಮೀ. ದಟ್ಟ ಕಾಡು. ಭೀಮನ ಕಲ್ಲಿನವರೆಗೂ, ಅದು ದಾಟಿದ ಮೇಲೂ ಬರೀ ಏರು. 'ಓಟ' ಅಂತ ಹೆಸರಿಟ್ಟುಕೊಂಡು ಹೋಗಿದ್ದರೂ ಇಲ್ಲಿ ಓಡಿದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೀರಿ. ಸುಮ್ನೆ ನಡೆಯಿರಿ. ಏರುವಾಗ ಮೆತ್ತೆಯಿಂದ ಏನೂ ಲಾಭವಿಲ್ಲ. ಮಣ್ಣು ಕಚ್ಚಿ ಹಿಡಿಯುವುದು ಅಟ್ಟೆಯ ಹಲ್ಲುಗಳು. ನನ್ನ ಶೂನಲ್ಲಿ ಅವು ಐದು ಮಿ.ಮೀ. ಇದ್ದವು, ಸಾಕಾಯಿತು.

ಗಿರಿಗದ್ದೆ ದಾಟಿ ಚೆಕ್‌ಪೋಸ್ಟಿನಲ್ಲಿ ಚೀಟಿ ತೋರಿಸಿದ ಮೇಲೆ ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು. ಮಳೆನೀರು ಕೊರೆದು ದಾರಿ ಕೆಲವು ಕಡೆ ಚರಂಡಿಯ ಹಾಗೆ ಕಿರಿದಾಗಿದೆ. ದಪ್ಪ ಶೂ ಅಗಲವೂ ಇರುತ್ತದಲ್ಲ, ಅದರ ಅಂಚು ಎರಡೂ ಬದಿಗೆ ತಾಗುತ್ತಿತ್ತು. ಇದು ಅಂಗಡಿಯಲ್ಲಿ ಯಾರಿಗೂ ಹೊಳೆಯುವ ವಿಷಯವಲ್ಲ. ಒಳ್ಳೆಯ ಮಾತೂ ಹೇಳಬೇಕು. ಕಲ್ಲು ಮಂಟಪದಿಂದ ಶೇಷ ಪರ್ವತದವರೆಗೆ ಚೂಪು ಕಲ್ಲುಗಳನ್ನು ತುಳಿದುಕೊಂಡೇ ಹೋದೆ, ಒಂದೂ ಪಾದಕ್ಕೆ ಚುಚ್ಚಲಿಲ್ಲ. ಗೆಳೆಯ ಪ್ರತಿ ಕಲ್ಲಿಗೂ ಮುಖ ಕಿವಿಚುತ್ತಿದ್ದ.

ಶೇಷ ಪರ್ವತ ಇಳಿದು ಸಣ್ಣ ಶೋಲಾ ಕಾಡು (ಹುಲ್ಲುಗಾವಲಿನ ನಡುವಿನ ಕುಳ್ಳ ಮರಗಳ ಕಾಡು) ಹೊಕ್ಕರೆ ಕೊನೆಯ ಹಾಸುಬಂಡೆ. ಅದರ ಮೇಲೆ ನೀರು ಜಿನುಗುತ್ತಿತ್ತು. ನನ್ನ ಕಾಲು ಜರ್ರನೆ ಜಾರಿತು. ಉಳಿದದ್ದನ್ನು ನಾಲ್ಕು ಕಾಲಿನಲ್ಲಿ ಹತ್ತಿದೆ ಅಂತ ಹೇಳಲು ನಾಚಿಕೆ ಇಲ್ಲ. ಒದ್ದೆ ಬಂಡೆಯ ಮೇಲೆ ಹಿಡಿತ ಕೊಡುವುದು ಅಟ್ಟೆಯ ರಬ್ಬರ್. ಮೇಲಿರುವ ಫೋಮ್ ಎಷ್ಟು ದಪ್ಪ ಇದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ಮಾತ್ರ ಫೋಮಿನ ಮಾತೇ ಜಾಸ್ತಿ.

ನಿಜವಾದ ಪರೀಕ್ಷೆ ವಾಪಸ್ ಹೊರಟ ಮೇಲೆ. ದಪ್ಪ ಮೆತ್ತೆಯ ಶೂ ಹುಟ್ಟಿದ್ದೇ ಇಳಿಯುವುದಕ್ಕೆ. 2009ರಲ್ಲಿ ಫ್ರಾನ್ಸಿನಲ್ಲಿ ಹೋಕಾ ಕಂಪನಿ ಕಟ್ಟಿದ ಇಬ್ಬರಿಗೆ ಬೇಕಾಗಿದ್ದು ಬೆಟ್ಟವನ್ನು ಬೇಗ ಇಳಿಯಬಲ್ಲ ಶೂ. ನನ್ನದು ಬೇರೆ ಕಂಪನಿಯದ್ದು, ಆದರೆ ಲೆಕ್ಕಾಚಾರ ಅದೇ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಎರಡನೇ ದಿನ ಮೆಟ್ಟಿಲು ಇಳಿಯಲಾಗದ ಹಾಗೆ ನೋಯುವುದು ಅದಕ್ಕೇ. ಹುಲ್ಲುಗಾವಲಿನ ಇಳಿಜಾರಿನಲ್ಲಿ ಸಣ್ಣ ಸಣ್ಣ ಹೆಜ್ಜೆ ಹಾಕಿ ಓಡಿದೆ. ಹಿಮ್ಮಡಿ ಬಿದ್ದಾಗ 'ಧಪ್' ಅನ್ನುವ ಸದ್ದೇ ಇಲ್ಲ. ಆ ನಾಲ್ಕೈದು ಕಿ.ಮೀ. ಓಟಕ್ಕೆ ಶೂನ ಪೂರ್ತಿ ದುಡ್ಡು ವಸೂಲಾಯಿತು ಅನ್ನಿಸಿತು.

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. (ಹೋಗುವಾಗಲೇ ಊಟ ಹೇಳಿಟ್ಟು ಹೋಗಿ.) ಜಗಲಿಯ ಕೆಳಗೆ ಬಿಟ್ಟ ನನ್ನ ಶೂವನ್ನು ಊರಿನ ಹಿರಿಯರೊಬ್ಬರು ಎತ್ತಿ, ಬದಿಯ ಫೋಮನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು.

"ಇದೆಂತ ಮಾರಾಯ್ರೆ, ಕಾಲಿಗೆ ಹಾಸಿಗೆ ಕಟ್ಟಿಕೊಂಡು ಬಂದದ್ದಾ?"

ಅವರ ಕಾಲಲ್ಲಿ ಹವಾಯಿ ಚಪ್ಪಲಿ. ಅದರಲ್ಲೇ ಮೇಲಿಂದ ಇಳಿದು ಬಂದಿದ್ದರಂತೆ.

ಹೊಟ್ಟೆ ತುಂಬ ಉಂಡು ಮತ್ತೆ ಕಾಡಿಗೆ ಇಳಿದೆವು. ಹಾಸಿಗೆಯ ಕಥೆ ಕೆಟ್ಟಿದ್ದು ಇಲ್ಲಿ. ಕಾಲು ಸೋತಿತ್ತು. ಎಲೆಯ ಕೆಳಗೆ ಬೇರಿದೆಯೋ ಕಲ್ಲಿದೆಯೋ ಪಾದಕ್ಕೆ ಗೊತ್ತಾಗಬೇಕಲ್ಲ, ಇಷ್ಟು ದಪ್ಪ ಮೆತ್ತೆ ಆ ಸುದ್ದಿಯನ್ನೇ ಮುಟ್ಟಿಸುವುದಿಲ್ಲ. ನೆಲದಿಂದ ಎತ್ತರದಲ್ಲಿ ನಿಂತಿರುವುದರಿಂದ ಹೊರಳಿದರೆ ಜೋರಾಗಿಯೇ ಹೊರಳುತ್ತದೆ. ಎಡಗಾಲು ಎರಡು ಸಲ ಉಳುಕುವುದು ಸ್ವಲ್ಪದರಲ್ಲೇ ತಪ್ಪಿತು. ತೆಳ್ಳನೆ ಶೂನವನು ಮುಂದೆ ಆರಾಮಾಗಿ ಹೋಗುತ್ತಿದ್ದ. ಮರುದಿನ ಅವನೇ ಫೋನ್ ಮಾಡಿ, ಮನೆಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೇನೆ ಅಂದ. ನನಗೆ ಅಷ್ಟು ನೋವಿರಲಿಲ್ಲ. ಪೂರ್ತಿ ಶೂನ ಪುಣ್ಯ ಅನ್ನಲಾರೆ, ಅವನು ಆರು ತಿಂಗಳಿಂದ ಓಡೇ ಇರಲಿಲ್ಲ.

ಇದೇ ದಾರಿಗೆ ಶೂ ಕೊಳ್ಳುವವರು ಸಂಜೆ ಹೊತ್ತು ಅಂಗಡಿಗೆ ಹೋಗಿ. ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿ ನೋಡಿ. ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಬೇಕು. ಅಂಗಡಿಯ ಹತ್ತಿರ ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರು ಇದ್ದರೆ, ಕೇಳಿಕೊಂಡು, ಅಲ್ಲಿ ಇಳಿದು ನೋಡಿ. ಬೆರಳು ಮುಂದಕ್ಕೆ ಹೋಗಿ ತಾಗಿದರೆ ಆ ಸೈಜ್ ಬೇಡ. ಲೇಸಿನ ಕೊನೆಯ ತೂತು ಸುಮ್ನೆ ಇರುವುದಲ್ಲ. ಲೇಸನ್ನು ಎರಡೂ ಬದಿ ಅದರಲ್ಲಿ ಕುಣಿಕೆಯಾಗಿ ತೂರಿಸಿ, ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗೆ ಎಳೆದು ಕಟ್ಟಿದರೆ ಹಿಮ್ಮಡಿ ಕೂತಲ್ಲೇ ಕೂರುತ್ತದೆ. ಹೊಸ ಶೂ ಆದರೆ ಮೊದಲು ಐವತ್ತು ಕಿ.ಮೀ. ಆದರೂ ಬೇರೆಲ್ಲಾದರೂ ಓಡಿ. ಇಂಬಳಕ್ಕೆ ಉದ್ದ ಸಾಕ್ಸ್ ಇರಲಿ, ಕಾಡಿನ ಇಳಿಜಾರಿಗೆ ಒಂದು ಕೋಲು ಇರಲಿ. ನೀರು ಎರಡು ಲೀಟರಾದರೂ ಹೊತ್ತುಕೊಳ್ಳಿ. ಕಲ್ಲು ಮಂಟಪದ ಹತ್ತಿರದ ನೀರನ್ನು ಡಿಸೆಂಬರ್ ಕಳೆದ ಮೇಲೆ ನಂಬಿಕೊಳ್ಳಬೇಡಿ.

ಮೇಲೆ ಹೇಳಿದ ಸೈಜಿನ ಮಾತನ್ನು ನಾನೇ ಪಾಲಿಸಿರಲಿಲ್ಲ. ಅರ್ಧ ಸೈಜ್ ಚಿಕ್ಕದಿತ್ತು. ಬಲಗಾಲಿನ ಹೆಬ್ಬೆರಳ ಉಗುರು ಕುಕ್ಕೆಗೆ ಬರುವಷ್ಟರಲ್ಲಿ ಕಪ್ಪಾಗಿತ್ತು, ಸಂಕ್ರಾಂತಿಯ ಹೊತ್ತಿಗೆ ಉದುರಿತು. ಹೊಸ ಉಗುರು ಬಂದ ಮೇಲೆ ಕುದುರೆಮುಖಕ್ಕೆ ಇದೇ ಮಾಡೆಲ್, ಅರ್ಧ ಸೈಜ್ ದೊಡ್ಡದು.