ಹೊಸ ರೆಸಿಪಿಗಿಂತ ಹೊಸ ರೀತಿ

ಮನೆ ಬಿಟ್ಟು ದೂರ ಇರೋರೆಲ್ಲ ಅಲ್ಲಿ ಏನೇನು ಹೊಸದು ತಿಂದ್ವಿ ಅಂತ ಹೇಳ್ತಾರೆ, ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಬೇಯಿಸೋ ರೀತಿಗಳು. ಯಾಕಂದ್ರೆ ಒಂದು ಹೊಸ ಡಿಶ್ ಕಲಿತ್ರೆ ಅದೊಂದೇ ಬರುತ್ತೆ, ಒಂದು ಹೊಸ ರೀತಿ ಕಲಿತ್ರೆ ಚಿಕ್ಕಂದಿನಿಂದ ತಿಂದಿರೋ ತರಕಾರಿಗೂ ಬೇರೆ ರುಚಿ ಬರುತ್ತೆ.

ನನಗೆ ಇದು ಗೊತ್ತಾಗಿದ್ದು ಓವನ್‌ನಿಂದ. ಜೊತೆಗಿದ್ದವರು ಕಾಲಿಫ್ಲವರ್‌ಗೆ ಬರೀ ಎಣ್ಣೆ ಉಪ್ಪು ಸವರಿ ಟ್ರೇ ಮೇಲೆ ಹರಡಿ 200 ಡಿಗ್ರಿಯಲ್ಲಿ ಇಟ್ರು, ಅಷ್ಟೇ, ಮಸಾಲೆ ಇಲ್ಲ ಏನಿಲ್ಲ, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಸಿಹಿ ಸಿಹಿಯಾಗಿ ಬಂತು. ಆಮೇಲೆ ಓದಿ ತಿಳ್ಕೊಂಡೆ, ನೀರಲ್ಲಿ ಬೇಯಿಸಿದ್ರೆ ಎಷ್ಟು ಹೊತ್ತು ಇಟ್ರೂ 100 ಡಿಗ್ರಿ ದಾಟಲ್ಲ, ಆ ಕಂದು ಬಣ್ಣ ಆ ಘಮ ಚೆನ್ನಾಗಿ ಬರೋಕೆ ಸುಮಾರು 140 ಆದ್ರೂ ಬೇಕು, ಅದಕ್ಕೆ ಮೊದಲು ಮೇಲಿನ ನೀರಿನಂಶ ಆರಬೇಕು. ಅದಕ್ಕೇ ಟ್ರೇಲಿ ಒಂದರ ಮೇಲೊಂದು ಒತ್ತಿ ತುಂಬಬಾರದು, ತುಂಬಿದ್ರೆ ಹಬೆಯಲ್ಲೇ ಬೆಂದು ಮೆತ್ತಗಾಗುತ್ತೆ. ಅಣಬೆಗೂ ಇದೇ ಲೆಕ್ಕ, ಮೊದಲು ಒಣ ಬಾಣಲೆಗೆ ಹಾಕಿ ಅದು ಬಿಡೋ ನೀರೆಲ್ಲ ಇಂಗಿದ ಮೇಲೆ ಎಣ್ಣೆ ಹಾಕಿ ನೋಡಿ, ರುಚಿ ಎಷ್ಟು ಗಟ್ಟಿಯಾಗಿರುತ್ತೆ ಅಂತ!

ಇಂಡಕ್ಷನ್ ಒಲೆ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಪಾತ್ರೆ ತಳಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದ್ರೆ ಸಾಕು, ಅದು ನಡೆಯುತ್ತೆ.

ಆದ್ರೆ ನೀರಿನ ವಿಷಯ ಮಾತ್ರ ಯಾರೂ ಹೇಳಲ್ಲ ನೋಡಿ. ಅದೇ ಕಾಳು, ಅದೇ ಕುಕ್ಕರ್, ಊರು ಬದಲಾದ್ರೆ ಬೇಯೋದೇ ಇಲ್ಲ. ನೀರು ಗಡಸಾಗಿದ್ರೆ ಅದ್ರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಕಾಳನ್ನ ಮೆತ್ತಗಾಗೋಕೆ ಬಿಡಲ್ಲ, ನೆನೆಸೋವಾಗ ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಬೇಗ ಬೇಯುತ್ತೆ, ಜಾಸ್ತಿ ಹಾಕಿದ್ರೆ ಸೋಪಿನ ರುಚಿ ಬರುತ್ತೆ ಹುಷಾರು. ಎತ್ತರದ ಜಾಗ ಆದ್ರೆ ಇನ್ನೊಂದು ಸಮಸ್ಯೆ, 1500 ಮೀಟರ್ ಮೇಲೆ ನೀರು ಸುಮಾರು 95 ಡಿಗ್ರಿಗೇ ಕುದ್ದುಬಿಡುತ್ತೆ, ತೆರೆದ ಪಾತ್ರೆಯಲ್ಲಿ ಎಲ್ಲಾ ನಿಧಾನ. ಅಲ್ಲಿ ಕುಕ್ಕರ್ ಇದ್ದೋರೇ ಪುಣ್ಯವಂತರು.

ಇನ್ನೊಂದು, ಯಾರ ಹತ್ರ ಅಡುಗೆ ಕಲಿಯೋದಾದ್ರೂ ಅಳತೆ ಆಮೇಲೆ ಕೇಳಿ, ಮೊದಲು ಪಕ್ಕದಲ್ಲಿ ನಿಂತು ನೋಡಿ, ಆಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ನನಗೆ ಒಬ್ರು ಕರಿಯೋವಾಗ ಸದ್ದು ಕೇಳಿಸ್ಕೋ ಅಂದ್ರು. ಎಣ್ಣೆಗೆ ಬಿಟ್ಟ ತಕ್ಷಣ ಜೋರಾಗಿ ಚುರ್ ಅನ್ನೋದು ಒಳಗಿನ ನೀರು ಹಬೆಯಾಗಿ ಹೊರಗೆ ಬರೋದು, ಗುಳ್ಳೆ ಕಮ್ಮಿಯಾಗಿ ಸದ್ದು ತಗ್ಗಿದ್ರೆ ಗರಿಗರಿ ಆಗ್ತಾ ಬಂದಿದೆ, ತೆಗೀಬಹುದು ಅಂತ. ಈಗ ನಾನು ಗಡಿಯಾರ ನೋಡೋದೇ ಬಿಟ್ಟಿದ್ದೀನಿ.