ಹಾಲೆಂಡಿನಲ್ಲಿ ಅಚ್ಚಾದ ಬಟ್ಟೆ ಆಫ್ರಿಕದ್ದು ಹೇಗಾಗುತ್ತೆ?

ಘಾನಾದ ಬಟ್ಟೆಗಳ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಓದುಗರು, ನೆಂಟರು, ಅಕ್ರಾದಲ್ಲೇ ಇರುವ ಕನ್ನಡದ ಗೆಳತಿಯರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಆ ಬಣ್ಣಬಣ್ಣದ ವ್ಯಾಕ್ಸ್ ಪ್ರಿಂಟ್ ಇದೆಯಲ್ಲ, ಅದು ಹಾಲೆಂಡಿನದಂತೆ, ಕಲೆ ಜಾವಾದ್ದಂತೆ. ಹಾಗಿದ್ದಮೇಲೆ ಅದನ್ನುಟ್ಟು ‘ಇದು ನಮ್ಮತನ’ ಅಂತ ಆಫ್ರಿಕದವರು ಹೇಳಿಕೊಳ್ಳೋದು ಎಷ್ಟು ಸರಿ?”

ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಕಳ್ಳನನ್ನು ಹಿಡಿದವರ ಹಾಗೆ ಕೇಳುತ್ತಾರೆ. ಇಬ್ಬರಿಗೂ ಇಲ್ಲೇ ಉತ್ತರ ಬರೆದಿಡುತ್ತೇನೆ.

ಹಾಲೆಂಡಿನ ಕಥೆ ನಿಜವೇ. ವ್ಲಿಸ್ಕೊ ಕಂಪನಿ 1846ರಲ್ಲಿ ಹೆಲ್ಮಂಡ್ ಎಂಬ ಊರಿನಲ್ಲಿ ಹುಟ್ಟಿತು. ಜಾವಾದ ಹೆಂಗಸರು ಕೈಯಲ್ಲಿ ಮೇಣ ಹಚ್ಚಿ ಮಾಡುತ್ತಿದ್ದ ಬಾಟಿಕ್ಕನ್ನು ಯಂತ್ರದಲ್ಲಿ ಅಚ್ಚು ಹಾಕಿ ಅಗ್ಗಕ್ಕೆ ಅವರಿಗೇ ಮಾರಬೇಕೆಂಬುದು ಡಚ್ಚರ ಲೆಕ್ಕ. ಆದರೆ ಯಂತ್ರದಲ್ಲಿ ಹಚ್ಚಿದ ಅಂಟು ಬಿರುಕು ಬಿಟ್ಟು, ಬಣ್ಣ ಒಳಗಿಳಿದು, ಬಟ್ಟೆಯ ತುಂಬ ನರಗಳಂಥ ಗೆರೆಗಳು ಮೂಡುತ್ತಿದ್ದವು. ಜಾವಾದಲ್ಲಿ ಅದು ದೋಷವೆನಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದೇ ಬಟ್ಟೆ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಕರಾವಳಿಗೆ ಬಂದಾಗ, ಒಂದು ಗಜದಂತೆ ಇನ್ನೊಂದು ಗಜ ಇಲ್ಲ ಅನ್ನುವ ಕಾರಣಕ್ಕೇ ಜನ ಅದನ್ನು ಮೆಚ್ಚಿದರು. ಇವತ್ತಿಗೂ ಅಸಲಿ ವ್ಯಾಕ್ಸನ್ನು ಗುರುತಿಸಲು ಅಂಗಡಿಯವರು ಬಟ್ಟೆಯನ್ನು ಮಗುಚಿ ತೋರಿಸುತ್ತಾರೆ. ಬಣ್ಣ ಎರಡೂ ಮಗ್ಗುಲಲ್ಲಿ ಒಂದೇ ತೂಕಕ್ಕೆ ಇರಬೇಕು, ಆ ಬಿರುಕಿನ ಗೆರೆಗಳೂ ಇರಬೇಕು.

ಪ್ರಶ್ನೆ ಕೇಳುವವರು ಇಷ್ಟಕ್ಕೇ ನಿಂತುಬಿಡುತ್ತಾರೆ. ಬಟ್ಟೆ ಹಡಗಿನಿಂದ ಇಳಿದ ಮೇಲೆ ಏನಾಯಿತು ಅನ್ನುವುದೇ ಮುಖ್ಯ.

ಅಕ್ರಾದ ಮಕೋಲಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರುವವರೆಲ್ಲ ಬಹುಪಾಲು ಹೆಂಗಸರು. ಆರು ಗಜಕ್ಕೆ ಅರ್ಧ ಪೀಸು, ಹನ್ನೆರಡು ಗಜಕ್ಕೆ ಪೂರ್ತಿ ಪೀಸು. ಹೊಸ ವಿನ್ಯಾಸ ಬಂದರೆ ಅದಕ್ಕೊಂದು ಹೆಸರು ಬೀಳಬೇಕು. ಹೆಸರು ಹಿಡಿಯದ ಬಟ್ಟೆ ಹೋಗುವುದಿಲ್ಲ. ಹೆಸರಿಡುವವರು ಕಂಪನಿಯವರಲ್ಲ, ಮಾರುವ ಮತ್ತು ಕೊಳ್ಳುವ ಹೆಂಗಸರು. ಒಂದರ ಹೆಸರು ‘ಅಹ್ವೆನೆ ಪಾ ನ್ಕಾಸಾ’, ಒಳ್ಳೆಯ ಮಣಿ ಸದ್ದು ಮಾಡುವುದಿಲ್ಲ ಅಂತ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರೆಂಚ್ ಮಾತಾಡುವ ದೇಶಗಳಲ್ಲಿ ಪಂಜರದಿಂದ ಹಕ್ಕಿ ಹಾರಿಹೋಗುವ ಚಿತ್ರದ ಬಟ್ಟೆಯೊಂದಿದೆ, ಅದರ ಹೆಸರು ‘ನೀ ಹೊರಗೆ ಹೋದರೆ ನಾನೂ ಹೋಗುತ್ತೇನೆ’. ಗಂಡ ದಾರಿ ತಪ್ಪಿದ್ದಾನೆ ಅಂತ ಅನುಮಾನ ಬಂದ ಹೆಂಡತಿ ಅದನ್ನುಟ್ಟು ಎದುರಿಗೆ ಓಡಾಡಿದರೆ ಸಾಕು, ಬಾಯಿ ಬಿಡಬೇಕಿಲ್ಲ. ಹೆಲ್ಮಂಡಿನ ಯಾವ ಚಿತ್ರಕಾರ ಇದನ್ನು ಯೋಚಿಸಿರಲು ಸಾಧ್ಯ?

ಟೋಗೋದ ಲೋಮೆಯಲ್ಲಿ ಈ ವ್ಯಾಪಾರ ಮಾಡಿ ಮರ್ಸಿಡಿಸ್ ಕಾರು ಕೊಂಡ ಹೆಂಗಸರನ್ನು ‘ನಾನಾ ಬೆಂಜ್’ ಎಂದೇ ಕರೆದರು. ಯುರೋಪಿನ ಕಂಪನಿಗಳ ಎದುರು ಕೂತು ಯಾವ ವಿನ್ಯಾಸ ಓಡುತ್ತದೆ, ಯಾವುದು ಓಡುವುದಿಲ್ಲ ಅಂತ ಹೇಳಿ, ಇಂಥ ವಿನ್ಯಾಸ ತಾನೊಬ್ಬಳೇ ಮಾರಬೇಕು ಅಂತ ಹಕ್ಕು ಬರೆಸಿಕೊಂಡವರು ಇವರು. ಪರದೇಶದ ಗಣ್ಯರು ಬಂದಾಗ ಸರ್ಕಾರ ಇವರ ಕಾರುಗಳನ್ನೇ ಎರವಲು ಪಡೆಯುತ್ತಿತ್ತು. 1994ರಲ್ಲಿ ಅಲ್ಲಿನ ಹಣವಾದ ಸಿಎಫ್ಎ ಫ್ರಾಂಕಿನ ಬೆಲೆಯನ್ನು ಅರ್ಧಕ್ಕೆ ಇಳಿಸಿದಾಗ ಇವರಿಗೆ ದೊಡ್ಡ ಪೆಟ್ಟು ಬಿತ್ತು. ಉಳಿದಿದ್ದನ್ನು ಚೀನಾದಿಂದ ಬಂದ ಅಗ್ಗದ ನಕಲು ಕಿತ್ತುಕೊಂಡಿತು.

ಹಾಲೆಂಡನ್ನು ಮಾತ್ರ ಯಾಕೆ ಹೇಳಬೇಕು, ನಮ್ಮ ಮದ್ರಾಸಿನ ಚೌಕುಳಿ ಬಟ್ಟೆಯೂ ಶತಮಾನಗಳಿಂದ ಆಫ್ರಿಕಕ್ಕೆ ಹೋಗಿದೆ. ನೈಜೀರಿಯಾದ ನೈಜರ್ ನದೀಮುಖದ ಕಲಬಾರಿ ಹೆಂಗಸರು ಅದನ್ನು ಹಾಗೇ ಉಟ್ಟು ಸುಮ್ಮನಾಗಲಿಲ್ಲ. ಚೂಪಾದ ಬ್ಲೇಡಿನಿಂದ ಬೇಕಾದ ಕಡೆ ಮಾತ್ರ ಒಂದೊಂದೇ ಎಳೆ ಕತ್ತರಿಸಿ, ಹೊರಗೆಳೆದು, ಚೌಕುಳಿಯೊಳಗಿಂದ ತಮ್ಮದೇ ಚಿತ್ತಾರ ಎಬ್ಬಿಸಿದರು. ಅದೇ ‘ಪೆಲೆಟೆ ಬಿಟೆ’. ಮದ್ರಾಸಿನ ನೇಕಾರ ಕೂಡಿಸಿದ್ದನ್ನು ಕಳೆದು ಕಳೆದು ಮಾಡಿದ ಬಟ್ಟೆ. ಅದನ್ನುಟ್ಟವರನ್ನು ನೋಡಿದರೆ ಯಾವ ಊರಿನವರು ಅಂತ ಗೊತ್ತಾಗುತ್ತದೆ. ಅದನ್ನು ಇಂಡಿಯಾದ್ದು ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾಗಿ ಮೊದಲ ಮಾತು: ಬಟ್ಟೆ ಎಲ್ಲಿ ಹುಟ್ಟಿತು ಅನ್ನುವುದೊಂದರಿಂದಲೇ ಅದು ಯಾರದ್ದು ಅಂತ ತೀರ್ಮಾನ ಆಗುವುದಿಲ್ಲ. ಮದುವೆಗೆ, ಹೆರಿಗೆಗೆ, ಸಾವಿಗೆ ಮೂರ್ನಾಲ್ಕು ತಲೆಮಾರು ಅದನ್ನೇ ಉಟ್ಟ ಮೇಲೆ ಅದು ಅವರದ್ದೇ.

ಆದರೆ ಈ ಉತ್ತರ ಕೊಟ್ಟು ನಾನು ಕೈತೊಳೆದುಕೊಳ್ಳಲಾರೆ. ಉಡುವುದು ಅವರದ್ದಾದರೂ ದುಡ್ಡು ಯಾರದ್ದು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಘಾನಾದ ತೇಮಾದಲ್ಲಿ ಅಚ್ಚಾಗುವ ಜಿಟಿಪಿ ಬಟ್ಟೆಯ ಕಂಪನಿ ಕೂಡ ವ್ಲಿಸ್ಕೊ ಗುಂಪಿನದ್ದೇ. ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವನು ಬುರ್ಕಿನಾ ಫಾಸೋದ ಅಧ್ಯಕ್ಷನಾಗಿದ್ದ ಥಾಮಸ್ ಸಂಕಾರಾ. ಆ ದೇಶ ಹತ್ತಿ ಬೆಳೆಯುತ್ತದೆ, ಬೆಳೆದದ್ದರಲ್ಲಿ ಬಹುಪಾಲನ್ನು ಹಾಗೇ ಹಡಗಿಗೆ ಹಾಕುತ್ತದೆ. 1983ರಲ್ಲಿ ಅಧಿಕಾರಕ್ಕೆ ಬಂದ ಸಂಕಾರಾ, ಅಲ್ಲಿನ ಹೆಂಗಸರು ಮಗ್ಗದಲ್ಲಿ ನೇಯುವ ಪಟ್ಟೆಪಟ್ಟೆಯ ‘ಫಾಸೋ ದಾನ್ ಫಾನಿ’ಯನ್ನು ಸರ್ಕಾರಿ ನೌಕರರು ತೊಡಬೇಕೆಂದು ಕಟ್ಟುಮಾಡಿದ. 1987ರ ಜುಲೈಯಲ್ಲಿ ಅಡಿಸ್ ಅಬಾಬಾದ ಆಫ್ರಿಕನ್ ಐಕ್ಯ ಸಂಸ್ಥೆಯ ಸಭೆಯಲ್ಲಿ ನಿಂತು, ತಾನು ತೊಟ್ಟ ಬಟ್ಟೆಯ ಹತ್ತಿ ಬುರ್ಕಿನಾದ್ದು, ನೇಯ್ದದ್ದೂ ಅಲ್ಲಿ, ಹೊಲಿದದ್ದೂ ಅಲ್ಲಿ, ಯುರೋಪಿನದಾಗಲಿ ಅಮೆರಿಕದ್ದಾಗಲಿ ಒಂದೆಳೆಯೂ ಇದರಲ್ಲಿಲ್ಲ ಎಂದ. ಆಫ್ರಿಕದ ದೇಶಗಳು ಸಾಲ ತೀರಿಸಬಾರದು ಅಂತ ಕರೆ ಕೊಟ್ಟ ಭಾಷಣದಲ್ಲೇ ಈ ಮಾತನ್ನೂ ಆಡಿದ್ದು. ಸಾಲಕ್ಕೂ ಅಂಗಿಗೂ ಏನು ಸಂಬಂಧ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಅಕ್ಟೋಬರ್ 15ರಂದು ಅವನನ್ನು ಕೊಂದರು.

ಸಂಕಾರಾ ಮಾಡಿದ್ದೆಲ್ಲ ಸರಿ ಅಂತಲ್ಲ. ಕಟ್ಟುಮಾಡಿ ತೊಡಿಸಿದ್ದರಿಂದ ಎಷ್ಟೋ ನೌಕರರು ಆ ಅಂಗಿಯನ್ನು ಆಫೀಸಿನಲ್ಲೇ ಇಟ್ಟುಕೊಂಡು, ಅಧ್ಯಕ್ಷರು ಬರುತ್ತಾರೆ ಅಂದಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ‘ಸಂಕಾರಾ ಬಂದ’ ಎಂದೇ ಆ ಅಂಗಿಗೆ ಹೆಸರಿಟ್ಟಿದ್ದರು. ಇದಕ್ಕಿಂತ ಕೆಟ್ಟದ್ದು ಈಗಿನ ಡಿ.ಆರ್. ಕಾಂಗೋ, ಅಂದಿನ ಜೈರ್‌ನಲ್ಲಿ ನಡೆಯಿತು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಸರ್ವಾಧಿಕಾರಿ ಮೊಬುಟು ‘ನಮ್ಮತನ’ದ ಹೆಸರಿನಲ್ಲಿ ಸೂಟು, ಟೈ ನಿಷೇಧಿಸಿ ‘ಅಬಾಕೋಸ್ಟ್’ ಎಂಬ, ಟೈ ಇಲ್ಲದೆ ತೊಡುವ ಕೋಟು ತೊಡಿಸಿದ. ನಮ್ಮತನ ಅನ್ನುತ್ತಲೇ ದೇಶದ ಬೊಕ್ಕಸ ಬರಿದು ಮಾಡಿದ. ಸರ್ವಾಧಿಕಾರಿ ತೊಡಿಸಿದ್ದನ್ನು ಅಸ್ಮಿತೆ ಅಂತ ಕರೆಯಲು ನಾನು ತಯಾರಿಲ್ಲ.

ಇನ್ನು ಕೆಂಟೆ, ಅಂದರೆ ಘಾನಾದಲ್ಲಿ ಕೈಮಗ್ಗದ ಪಟ್ಟಿಗಳನ್ನು ಕೂಡಿಸಿ ಮಾಡುವ ಬಣ್ಣಬಣ್ಣದ ಬಟ್ಟೆ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲೇ. ಕುಮಾಸಿಯ ಹತ್ತಿರದ ಬಾನ್ವಿರೆ ಅಸಾಂಟೆ ಅರಸರಿಗೆ ಕೆಂಟೆ ನೇಯುತ್ತಿದ್ದ ಊರು. ನೇಯುವವರು ಹೆಚ್ಚಾಗಿ ಗಂಡಸರು. ಹಾಸಿನ ಎಳೆಗಳು ಮಗ್ಗದಿಂದ ಎಷ್ಟೋ ಮಾರು ಮುಂದಕ್ಕೆ ಚಾಚಿರುತ್ತವೆ, ತುದಿಯಲ್ಲಿ ಕಲ್ಲು ಹೇರಿದ ಹಲಗೆ. ನೇಯ್ದಂತೆ ಬಟ್ಟೆ ಸುತ್ತಿಕೊಳ್ಳುತ್ತಾ ಆ ಕಲ್ಲು ನೆಲದ ಮೇಲೆ ಇಂಚಿಂಚೇ ಮಗ್ಗದ ಕಡೆಗೆ ಜರುಗುತ್ತದೆ. ನೇಕಾರ ಕಾಲ್ಬೆರಳ ಸಂದಿಯಲ್ಲಿ ಹಗ್ಗದ ತುದಿಯ ಬಿಲ್ಲೆ ಹಿಡಿದು ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತಾನೆ, ಲಾಳಿ ಕೈಯಿಂದ ಕೈಗೆ ಹಾಯುತ್ತದೆ. ಬರುವುದು ನಾಲ್ಕಿಂಚು ಅಗಲದ ಉದ್ದನೆ ಪಟ್ಟಿ. ಗಂಡಸು ಎಡ ಭುಜದ ಮೇಲೆ ಹೊದೆಯುವ ಒಂದು ಬಟ್ಟೆಗೆ ಇಂಥ 20ಕ್ಕೂ ಹೆಚ್ಚು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿಯಬೇಕು. ಪಕ್ಕದ ಪಟ್ಟಿಯ ಬಣ್ಣದ ಚೌಕಕ್ಕೆ ಈ ಪಟ್ಟಿಯ ಚೌಕ ಕೂಡಬೇಕೆಂದರೆ ನೇಯುವಾಗಲೇ ಅಳತೆ ತಲೆಯಲ್ಲಿರಬೇಕು. ಇಲ್ಲೂ ಹಿಂದಿನ ಕಾಲದಲ್ಲಿ ಯುರೋಪಿನಿಂದ ಬಂದ ರೇಷ್ಮೆ ಬಟ್ಟೆಯನ್ನು ಬಿಚ್ಚಿ, ಅದರ ನೂಲಿನಿಂದ ಮತ್ತೆ ನೇಯುತ್ತಿದ್ದರು.

ಘಾನಾದ ಸ್ವಾತಂತ್ರ್ಯ ಚಳವಳಿಯ ನಾಯಕ, ಮೊದಲ ಪ್ರಧಾನಿ ಎನ್‌ಕ್ರುಮಾ ಕೆಂಟೆ ತೊಟ್ಟ ಫೋಟೋಗಳನ್ನು ನೀವೂ ನೋಡಿರಬಹುದು. ಆದರೆ 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು ಅಂತ ಸಾರಿದಾಗ ಅವರು ಮತ್ತು ಜೊತೆಗಾರರು ತೊಟ್ಟಿದ್ದು ಫುಗು, ಅಂದರೆ ಉತ್ತರ ಘಾನಾದವರ ದೊಗಳೆ ಅಂಗಿ. ಎನ್‌ಕ್ರುಮಾ ದಕ್ಷಿಣದ ಕರಾವಳಿಯವರು. ಬ್ರಿಟಿಷರ ಕಾಲದಲ್ಲಿ ಉತ್ತರದವರು ದಕ್ಷಿಣದ ಗಣಿ, ತೋಟಗಳಿಗೆ ಕೂಲಿಗಳಾಗಿ ಬರುತ್ತಿದ್ದವರು. ಆ ರಾತ್ರಿ ಉತ್ತರದವರ ಅಂಗಿಯನ್ನೇ ಆರಿಸಿಕೊಂಡದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಮುಂದೆ ಅವರು ಈಜಿಪ್ಟಿನ ಫಾತಿಯಾರನ್ನು ಮದುವೆಯಾದಾಗ ಕೆಂಟೆಯ ಒಂದು ವಿನ್ಯಾಸಕ್ಕೆ ‘ಫಾತಿಯಾ ಎನ್‌ಕ್ರುಮಾಗೆ ತಕ್ಕವಳು’ ಅಂತ ಹೆಸರು ಬಂತು. 1966ರಲ್ಲಿ ಸೈನ್ಯ ಅವರನ್ನು ಕೆಳಗಿಳಿಸಿದ ಮೇಲೆ ಅದೇ ವಿನ್ಯಾಸದ ಹೆಸರು ‘ಒಬ್ಬನೇ ನಾಡನ್ನು ಆಳಲಾಗದು’ ಅಂತಾಯಿತು. ಇಲ್ಲಿ ಬಟ್ಟೆ ಪತ್ರಿಕೆಯ ಸಂಪಾದಕೀಯದ ಕೆಲಸವನ್ನೂ ಮಾಡುತ್ತದೆ.

ಕೆಂಟೆ ನೇಯುವ ಕಸುಬನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಆದರೆ ಅದೇ ವಿನ್ಯಾಸ ಅಚ್ಚು ಹಾಕಿದ ಅಗ್ಗದ ಬಟ್ಟೆ ಪೇಟೆಯ ತುಂಬ ಇರುವಾಗ ನೇಕಾರನಿಗೆ ಯುನೆಸ್ಕೊ ಪಟ್ಟಿಯಿಂದ ಹೊಟ್ಟೆ ತುಂಬದು. ಜೊತೆಗೆ ಶ್ರೀಮಂತ ದೇಶಗಳು ಉಟ್ಟು ಬಿಟ್ಟ ಬಟ್ಟೆಯ ಮೂಟೆಗಳು ಅಕ್ರಾದ ಕಂಟಮಂಟೋ ಮಾರುಕಟ್ಟೆಗೆ ಬಂದು ಬೀಳುತ್ತವೆ. ರ‍್ವಾಂಡಾ ಇದನ್ನು ತಡೆಯಲು ಹೋಗಿ, 2016ರಲ್ಲಿ ಹಳೇ ಬಟ್ಟೆಯ ಸುಂಕವನ್ನು ಕಿಲೋಗೆ 20 ಸೆಂಟಿನಿಂದ ಎರಡೂವರೆ ಡಾಲರಿಗೆ ಏರಿಸಿತು. ಅಮೆರಿಕ ಸಿಟ್ಟಾಗಿ 2018ರಲ್ಲಿ ರ‍್ವಾಂಡಾದ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನೇ ತಡೆಹಿಡಿಯಿತು. ರ‍್ವಾಂಡಾ ಜಗ್ಗಲಿಲ್ಲ. ನಮ್ಮತನ ಎನ್ನುವುದು ಬರೀ ಭಾವನೆಯ ವಿಷಯ ಅಂದುಕೊಂಡವರಿಗೆ ನಾನು ಈ ಸುಂಕದ ಕಥೆಯನ್ನೇ ಹೇಳುತ್ತೇನೆ.

ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಪದವಿ ಪಡೆಯುವ ದಿನ ಗೌನಿನ ಮೇಲೆ ಕೆಂಟೆ ಪಟ್ಟಿ ಹಾಕಿಕೊಳ್ಳುತ್ತಾರೆ. “ಅವರ ಪೂರ್ವಜರು ಘಾನಾದವರೇ ಅಂತ ಯಾರಿಗೆ ಗೊತ್ತು?” ಅಂತಲೂ ಕೆಲವರು ನನ್ನನ್ನು ಕೇಳುತ್ತಾರೆ. ಯಾವ ಊರು, ಯಾವ ಕುಲ ಅನ್ನುವುದನ್ನು ಅವರಿಂದ ಬೇಕೆಂದೇ ಕಿತ್ತುಕೊಂಡವರು ಇದ್ದರು. ಆ ಲೆಕ್ಕವನ್ನು ಈಗ ಅವರ ಮಕ್ಕಳಿಂದ ಕೇಳುವುದು ಅನ್ಯಾಯ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರೂ ಆಫ್ರಿಕದಿಂದ ಬಂದವರು, ಅವರಲ್ಲಿ ಎಷ್ಟೋ ಮಂದಿ ಗೋವೆಯ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದವರು. ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಿಡಿದು ಒಳಕ್ಕೆ ಸುತ್ತುತ್ತಾ ಹೊಲಿಯುವ ಕೌದಿಗೆ ಮೂಲೆಗಳಲ್ಲಿ ಮಡಿಚಿದ ತುಂಡಿನ ‘ಫೂಲ’ ಇಡಲೇಬೇಕು, ಇಲ್ಲದಿದ್ದರೆ ಕೌದಿ ಪೂರ್ತಿಯಾಗುವುದಿಲ್ಲ. ಕೌದಿ ಬಯಲುಸೀಮೆಯ ಮನೆಮನೆಯಲ್ಲೂ ಇದೆ. ಸಿದ್ದಿ ಕೌದಿಯಲ್ಲಿ ಆಫ್ರಿಕ ಎಷ್ಟು, ಕರ್ನಾಟಕ ಎಷ್ಟು ಅಂತ ತಕ್ಕಡಿ ಹಿಡಿಯಲು ನಾನು ಹೋಗುವುದಿಲ್ಲ. ಹೊಲಿದವಳಿಗೆ ಸರಿಯಾದ ಬೆಲೆ ಸಿಕ್ಕಿತೇ ಅಂತ ಮಾತ್ರ ಕೇಳುತ್ತೇನೆ.

ಕೊನೆಗೆ, ಈ ಪ್ರಶ್ನೆಯ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: “ನಾವು ಉಡಬಹುದಾ?” ಧಾರಾಳವಾಗಿ ಉಡಿ. ಘಾನಾದಲ್ಲಿ ನನಗೆ ಯಾರೂ ಬೇಡ ಅಂದಿಲ್ಲ, ಬದಲಿಗೆ ಹೇಗೆ ಸುತ್ತಿಕೊಳ್ಳಬೇಕು ಅಂತ ಎಳೆದು ನಿಲ್ಲಿಸಿ ತೋರಿಸಿದ್ದಾರೆ. ಕೊಳ್ಳುವಾಗ ಅದರ ಹೆಸರು ಕೇಳಿ, ಯಾವ ಸಂದರ್ಭದ್ದು ಅಂತ ಕೇಳಿ. ಕಪ್ಪು, ಕೆಂಪು ಬಣ್ಣದ್ದನ್ನು ಸಾವಿನ ಮನೆಗೆ ಉಡುತ್ತಾರೆ, ಮದುವೆಗೆ ಅದು ಬೇಡ. ಕೆಂಟೆಯೇ ಬೇಕಾದರೆ ಅಚ್ಚು ಹಾಕಿದ ಆರು ಗಜದ ಬದಲು ಮಗ್ಗದ ಒಂದೇ ಒಂದು ಪಟ್ಟಿ ಕೊಳ್ಳಿ, ಆದಷ್ಟೂ ನೇಯ್ದವನ ಕೈಯಿಂದಲೇ.