"ಇನ್ನೂ ನೆಗಡಿ ಹೋಗಿಲ್ವಾ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ನೆಗಡಿ ಹೋಗಿಲ್ಲ, ಯಾಕೆಂದರೆ ಬಂದೇ ಇಲ್ಲ. ನನಗಿರುವುದು ಕಳೆಗಿಡಗಳ ಪರಾಗದ ಅಲರ್ಜಿ. ನೆಗಡಿ ವೈರಸ್‌ನಿಂದ ಬರುತ್ತದೆ, ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಹೋಗುತ್ತದೆ. ನನ್ನದು ಕಳೆಯಲ್ಲಿ ಹೂ ಇರುವಷ್ಟು ದಿನವೂ ಇರುತ್ತದೆ, ವಾರಗಟ್ಟಲೆ. ನಿಮಗೆ ಅಂಟುವುದಿಲ್ಲ. ಕುರ್ಚಿ ಹಿಂದಕ್ಕೆ ಎಳೆದುಕೊಳ್ಳಬೇಡಿ.

"ನೋಡೋಕೆ ಎರಡೂ ಒಂದೇ ತರ ಅಲ್ವಾ?" ಅಲ್ಲ. ತುರಿಕೆ ಇದೆಯಾ ಎಂದು ಕೇಳಿ. ಕಣ್ಣು, ಮೂಗು, ಅಂಗುಳ, ಕಿವಿಯೊಳಗೆ ಬೆರಳಿಗೆ ಸಿಗದ ಯಾವುದೋ ಜಾಗ, ಎಲ್ಲ ಕಡೆ ತುರಿಕೆ. ನೆಗಡಿಯಲ್ಲಿ ಇಷ್ಟು ತುರಿಸುವುದಿಲ್ಲ. ಸೀನು ಒಂದೆರಡಕ್ಕೆ ನಿಲ್ಲದೆ ಸಾಲಾಗಿ ಬರುತ್ತದೆ. ಮೂಗು ತಿಳಿನೀರಿನ ಹಾಗೆ ಸೋರುತ್ತದೆ. ಜ್ವರ ಇರುವುದಿಲ್ಲ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ತನಗೇ ಇದ್ದ ಈ ಕಾಯಿಲೆಯ ಬಗ್ಗೆ ವಿವರವಾಗಿ ಬರೆದಿದ್ದ. ಇದಕ್ಕೆ ಕಾರಣ ಪರಾಗ ಎಂದು ಇನ್ನೊಬ್ಬ ಇಂಗ್ಲಿಷ್ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ಅವನ ಪುಸ್ತಕ ಬಂದಿದ್ದು 1873ರಲ್ಲಿ. ಆದರೂ ನನ್ನನ್ನು ಇನ್ನೂ ನೆಗಡಿ ಹೋಯ್ತಾ ಎಂದೇ ಕೇಳುತ್ತಾರೆ.

ಒಮ್ಮೆ ಮೀಟಿಂಗ್ ನಡುವೆ ಸೀನು ಶುರುವಾಯಿತು. ಎಂಟೋ ಒಂಬತ್ತೋ, ಬಿಡದೆ. ಜೊತೆಯವರೊಬ್ಬರು ಎದ್ದು ಮೇಜಿನ ಮೇಲಿದ್ದ ಗುಲಾಬಿಗಳನ್ನು ಆಚೆ ಸಾಗಿಸಿದರು. "ಒಳ್ಳೆ ಗಾಳಿ ಬರಲಿ" ಎಂದು ಕಿಟಕಿಯನ್ನೂ ತೆಗೆದರು. ಕಿಟಕಿಯಾಚೆ ಖಾಲಿ ಜಾಗ, ಅದರ ತುಂಬಾ ಎದೆಯೆತ್ತರ ಕಳೆ. ಆ ಸಂಜೆ ನನ್ನ ಕಣ್ಣು ಊದಿ ರೆಪ್ಪೆ ತೆರೆಯಲಾಗಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಗೊತ್ತು. ಆದರೆ ಗುಲಾಬಿಯ ಪರಾಗ ಭಾರ, ಅಂಟಂಟು. ಅದನ್ನು ದುಂಬಿ, ಜೇನುನೊಣ ಹೊರಬೇಕು. ಕಳೆಯ ಹೂವು ಹಸಿರೋ ಮಂಕೋ ಆಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಪರಾಗವನ್ನು ಹೊರುವುದು ಗಾಳಿ. ರ‍್ಯಾಗ್‌ವೀಡ್ ಎಂಬ ಕಳೆ ಇದೆ, ಪಾರ್ಥೇನಿಯಂನ ನೆಂಟ. ಅದರ ಒಂದೇ ಗಿಡ ಒಂದು ಹಂಗಾಮಿನಲ್ಲಿ 100 ಕೋಟಿಯಷ್ಟು ಪರಾಗದ ಕಣ ಉದುರಿಸಬಲ್ಲದು. ಅವು ನೂರಾರು ಕಿಲೋಮೀಟರ್ ತೇಲಿ ಹೋಗುತ್ತವೆ. "ಮನೆ ಸುತ್ತ ಕಿತ್ತು ಹಾಕಿದ್ರಾಯ್ತಲ್ಲ" ಎನ್ನುವವರು ಇದನ್ನು ಇನ್ನೊಮ್ಮೆ ಓದಿ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಪ್ರತಿ ವರ್ಷ ಯಾವಾಗ ಶುರುವಾಗುತ್ತೆ?" ಇದನ್ನು ಕೇಳಿದ್ದು ಒಬ್ಬರೇ ಒಬ್ಬ ಡಾಕ್ಟರ್. ಮನೆಗೆ ಬಂದು ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಮೂರು ವರ್ಷ, ಮೂರು ಚೀಟಿ, ಅದೇ ತಿಂಗಳು. ಮೂರರಲ್ಲೂ ನೆಗಡಿಯ ಸಿರಪ್. ಎಷ್ಟು ಸಿಟ್ಟು ಬಂತೆಂದರೆ ಚೀಟಿಗಳನ್ನು ಹರಿದೇ ಹಾಕಿದೆ. ಆಮೇಲೆ ಚರ್ಮ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಯಾವ ಕಳೆ ಎಂಬುದೂ ಗೊತ್ತಾಯಿತು.

ಶುರುವಾಗುವ ಹೊತ್ತು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಒಂದೇ ದಿನದಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಡಾಕ್ಟರ್ ಹೇಳಿದಂತೆ ಎರಡು ವಾರ ಮೊದಲೇ ಶುರು ಮಾಡಿ ದಿನಾ ಹಾಕುತ್ತೇನೆ. ತುದಿಯನ್ನು ಮೂಗಿನ ನಡುಗೋಡೆಗೆ ತಾಗಿಸದೆ ಆಯಾ ಬದಿಯ ಕಿವಿಯತ್ತ ತಿರುಗಿಸಬೇಕು. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಒಂದು ತಿಂಗಳು ಮೂಗಿನಿಂದ ರಕ್ತ ಬರುತ್ತಿತ್ತು. ತುರಿಕೆ, ಸೀನಿಗೆ ಸೆಟಿರಿಜಿನ್, ಫೆಕ್ಸೊಫೆನಡಿನ್‌ನಂಥ ಮಾತ್ರೆಗಳಿವೆ. ಹಳೆಯ ಕಾಲದ ಅಲರ್ಜಿ ಮಾತ್ರೆಗಳಷ್ಟು ನಿದ್ದೆ ಬರಿಸುವುದಿಲ್ಲ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಡ್ರಾಪ್ಸ್ ಮೂರ‍್ನಾಲ್ಕು ದಿನ ದಾಟಿದರೆ ಮೂಗು ಇನ್ನೂ ಜಾಸ್ತಿ ಕಟ್ಟಿಕೊಳ್ಳಬಹುದು. ಉಳಿದಂತೆ, ಹೊರಗಿನಿಂದ ಬಂದ ಕೂಡಲೇ ತಲೆಗೆ ಸ್ನಾನ, ಬೇರೆ ಬಟ್ಟೆ. ಒಗೆದ ಬಟ್ಟೆ ಒಳಗೇ ಒಣಗಬೇಕು. ಎದೆ ಬಿಗಿದರೆ, ಉಸಿರಿಗೆ ಸಿಳ್ಳೆಯಂಥ ಸದ್ದು ಬಂದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಈ ವರ್ಷದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಸ್ಪ್ರೇ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿದೆ. ಮನೆಗೆ ಬರುವವರು ಗುಲಾಬಿ ಧಾರಾಳವಾಗಿ ತನ್ನಿ. ಕಿಟಕಿ ಮಾತ್ರ ತೆಗೆಯಬೇಡಿ.